ಒಂದು ಫೋನು, ಇಡೀ ಬೀದಿ (ಹಲಸೂರು ಡೈರಿ, ಭಾಗ 6)

ಫೋಟೋದಲ್ಲಿರೋ ಕಪ್ಪು ಫೋನು ನಮ್ಮ ತಾತಂದು. ಡಯಲ್ ಇನ್ನೂ ತಿರುಗತ್ತೆ, ಲೈನ್ ಮಾತ್ರ ಇಲ್ಲ. ತಾತ ಕೆ.ಆರ್. ಪುರಂ ಹತ್ರ ದೂರವಾಣಿನಗರದ ಐಟಿಐನಲ್ಲಿ ಕೆಲಸಕ್ಕಿದ್ರು. 1948ರಲ್ಲಿ ಶುರುವಾದ, ಫೋನು ಮತ್ತು ಎಕ್ಸ್‌ಚೇಂಜ್ ಮಾಡ್ತಿದ್ದ ಸರ್ಕಾರಿ ಕಾರ್ಖಾನೆ ಅದು.

ನಾನು ಹೋದ ತಿಂಗಳು ಇಂದಿರಾನಗರದ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್ ಮುಗಿಸಿದೆ. ಕೂರಿಸಿದ್ದು ಇನ್ನೋವೇಶನ್ ಟೀಮ್‌ನಲ್ಲಿ. ಗೋಡೆ ತುಂಬಾ ಬಣ್ಣದ ಚೀಟಿ, ವಾರಕ್ಕೆ ಹತ್ತು ಐಡಿಯಾ. ಪಕ್ಕದ ರೂಮಲ್ಲೇ ಕಸ್ಟಮರ್ ಕೇರ್‌ನೋರು ದಿನವಿಡೀ ಬೈಸ್ಕೊಳ್ತಿದ್ರು. ಎರಡು ತಿಂಗಳಲ್ಲಿ ಒಂದು ಸಲಾನೂ ನಾನು ಆ ಬಾಗಿಲು ತಳ್ಳಲಿಲ್ಲ.

ಈಗ ರಿಪೋರ್ಟ್ ಬರೀಬೇಕು: ‘ಕಂಪನಿಯಲ್ಲಿ ಇನ್ನೋವೇಶನ್ ವಿಭಾಗದ ಪಾತ್ರ’. ತಾತನ್ನ ಕೇಳಿದೆ. ನಕ್ಕರು.

“ಅರವತ್ತರ ದಶಕದಲ್ಲಿ ಬೆಲ್ಜಿಯಂನಿಂದ ಕ್ರಾಸ್‌ಬಾರ್ ಎಕ್ಸ್‌ಚೇಂಜ್ ತಂತ್ರಜ್ಞಾನ ತಂದ್ವಿ ಪುಟ್ಟಾ. ಒಳ್ಳೇ ಮಾಲು. ಆದ್ರೆ ಅಲ್ಲಿ ಒಂದು ಮನೆಗೆ ಒಂದು ಫೋನು, ಇಲ್ಲಿ ಒಂದು ಫೋನಿಗೆ ಇಡೀ ಬೀದಿ!”

ನಿಜ. ನಮ್ಮನೆ ಎದುರಿನವರ ಮದುವೆ ಪತ್ರಿಕೇಲಿ ಇದೇ ಫೋನ್ ನಂಬರ್ ಇದೆ, ಪಕ್ಕದಲ್ಲಿ ‘ಪಿ.ಪಿ.’ ಅಂತ. ಒಂದು ಲೈನಿಗೆ ಅಷ್ಟು ಕಾಲ್ ಬರತ್ತೆ ಅಂತ ಆ ಡಿಸೈನ್ ಮಾಡಿದವರು ಅಂದ್ಕೊಂಡಿರಲಿಲ್ಲ. ಎಕ್ಸ್‌ಚೇಂಜ್‌ಗಳು ಉಸಿರುಗಟ್ಟಿದ್ವು. ನಮ್ಮ ಇಂಜಿನಿಯರ್‌ಗಳು ಇಲ್ಲಿನ ಜನ ಫೋನ್ ಬಳಸೋ ರೀತಿ ನೋಡಿ ಅದನ್ನ ತಿದ್ದಬೇಕಾಯ್ತು. ಆಮೇಲೆ 1984ರಲ್ಲಿ ಸಿ-ಡಾಟ್ ಬಂತು. ಅವರ 128 ಪೋರ್ಟಿನ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಲ್ಲೇ ಶುರುವಾಯ್ತು. ಏಸಿ ಬೇಡ, ಹಳ್ಳಿ ಬಿಸಿಲಲ್ಲೇ ನಡೆಯತ್ತೆ. ಹಳ್ಳೀಲಿ ಏಸಿ ಇರಲ್ಲ ಅಂತ ಯಾರೋ ಮೊದಲೇ ಯೋಚಿಸಿದ್ರು, ಅಷ್ಟೇ.

ಬಿಕಾಂ ಓದೋರಿಗೆ ಗೊತ್ತು: ಅಕೌಂಟ್ಸಲ್ಲಿ ಸಂಶೋಧನೆಗೆ ಹಾಕಿದ ದುಡ್ಡು ಆ ವರ್ಷದ ಖರ್ಚು. ಅಭಿವೃದ್ಧಿ ಹಂತಕ್ಕೆ ಬಂದು, ಷರತ್ತುಗಳನ್ನೆಲ್ಲ ಪೂರೈಸಿದ್ರೆ ಮಾತ್ರ ಅದು ಆಸ್ತಿ. ಅಂದ್ರೆ ಜನರ ಮಾತು ಕೇಳಿಸ್ಕೊಳ್ಳೋ ಕೆಲಸ ಲೆಕ್ಕದಲ್ಲಿ ಬರೀ ಖರ್ಚಾಗಿ ಕಾಣತ್ತೆ. ಬಣ್ಣದ ಚೀಟಿ ಅಗ್ಗ.

ನನ್ನ ಹಳೇ ರಿಪೋರ್ಟ್ ಡಿಲೀಟ್ ಮಾಡಿದೆ. ‘ಒಂದು ದಿನ ಕಸ್ಟಮರ್ ಕೇರಲ್ಲಿ ಕೂತು ಕಾಲ್ ಕೇಳಬಹುದಾ?’ ಅಂತ ಮ್ಯಾನೇಜರ್‌ಗೆ ಮೇಲ್ ಹಾಕಿದೀನಿ. ಸರ್ಟಿಫಿಕೇಟ್ ಇನ್ನೂ ಅವರ ಕೈಲೇ ಇದೆ, ಭಯಾನೂ ಇದೆ. ತಾತ ಹೇಳಿದ್ದಿಷ್ಟೇ: “ಫೋನು ಮಾಡೋ ಕಾರ್ಖಾನೆ ಮೊದಲು ಕಿವಿ ಇಟ್ಕೊಂಡಿರ್ಬೇಕು.”

ನಿಮ್ಮನೇಲೂ ಪಿ.ಪಿ. ನಂಬರ್ ಇತ್ತಾ? ಯಾರ್ಯಾರು ಬರ್ತಿದ್ರು, ಕಾಮೆಂಟಲ್ಲಿ ಹೇಳಿ.

#ಹಲಸೂರುಡೈರಿ #ದೂರವಾಣಿನಗರ #ಬಿಕಾಂಬದುಕು