ಆನೆ ಗಡಿಯಾರದ ಮುಂದೆ

ದುಬೈಗೆ ಹೋಗುವ ಅವಕಾಶ ಸಿಕ್ಕಿದರೆ ಮಕ್ಕಳಿಗೆ ಏನೇನು ತೋರಿಸುತ್ತೀರಿ? ಎತ್ತರದ ಕಟ್ಟಡ, ಕಡಲ ತೀರ, ಚಿನ್ನದ ಮಾರುಕಟ್ಟೆ ಎಲ್ಲವನ್ನೂ ತೋರಿಸಿ. ಆದರೆ ಒಂದು ಸಂಜೆ ಇಬ್ನ್ ಬತೂತ ಮಾಲ್‌ಗೂ ಕರೆದೊಯ್ಯಿರಿ. ಖರೀದಿಗಲ್ಲ, ಒಂದು ಗಡಿಯಾರ ನೋಡಲು.

2005ರಲ್ಲಿ ಆರಂಭವಾದ ಈ ಮಾಲ್‌ಗೆ 14ನೇ ಶತಮಾನದ ಮಹಾಪ್ರವಾಸಿ ಇಬ್ನ್ ಬತೂತರ ಹೆಸರಿಡಲಾಗಿದೆ. ಆಂದಲೂಸಿಯಾ, ಟ್ಯುನೀಶಿಯಾ, ಈಜಿಪ್ಟ್, ಪರ್ಷಿಯಾ, ಭಾರತ, ಚೀನಾ ಎಂಬ ಆರು ವಿಭಾಗಗಳು ಅವರ ಪ್ರಯಾಣವನ್ನು ನೆನಪಿಸುತ್ತವೆ. ಭಾರತ ವಿಭಾಗದಲ್ಲಿ ನಾವು ಕಂಡದ್ದು ತಲೆಯೆತ್ತಿ ನೋಡಬೇಕಾದಷ್ಟು ದೊಡ್ಡದೊಂದು ಆನೆ. ಅದರ ಮೇಲೆ ಮಾವುತ, ಲೇಖನಿ ಹಿಡಿದ ಬರಹಗಾರ, ಎರಡು ಸರ್ಪಗಳು, ತುದಿಯಲ್ಲೊಂದು ಹಕ್ಕಿ.

“ಉಮ್ಮಾ, ಇದರ ಬ್ಯಾಟರಿ ಎಲ್ಲುಂಟು?” ಎಂದು ಮಗ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಪೂರ್ವಿಕರು ವಿಜ್ಞಾನದಲ್ಲಿ ಮುಂದಿದ್ದರೆಂದು ಮಕ್ಕಳಿಗೆ ಎಷ್ಟೋ ಬಾರಿ ಹೇಳಿದ್ದೆ. ಅವರು ಏನು ಮಾಡಿದರು, ಹೇಗೆ ಮಾಡಿದರು ಎಂಬುದು ನನಗೇ ತಿಳಿದಿರಲಿಲ್ಲ!

ಊರಿಗೆ ಮರಳಿದ ಮೇಲೆ ಒಟ್ಟಿಗೆ ಕೂತು ಓದಿದೆವು. ಈ ಗಡಿಯಾರದ ಮೂಲ ವಿನ್ಯಾಸ ಅಲ್ ಜಝರಿಯವರದು. ಇಂದಿನ ತುರ್ಕಿಯ ದಿಯಾರ್‌ಬಕರ್‌ನ ಅರಸರ ಬಳಿ ಕೆಲಸಕ್ಕಿದ್ದ ಅವರು 1206ರಲ್ಲಿ ತಮ್ಮ ಯಂತ್ರಗಳ ಕುರಿತ ಗ್ರಂಥವನ್ನು ಪೂರ್ಣಗೊಳಿಸಿದರು. ಇನ್ನೊಬ್ಬರೂ ಮಾಡಿ ನೋಡಲಿ ಎಂದು ಚಿತ್ರ, ಅಳತೆಗಳ ಸಹಿತ ವಿವರಿಸಿದರು. ಆನೆಯ ಹೊಟ್ಟೆಯಲ್ಲಿ ನೀರಿನ ತೊಟ್ಟಿ. ಅದರಲ್ಲಿ ತಳಕ್ಕೆ ತೂತಿರುವ ಬಟ್ಟಲು. ಅದು ತುಂಬಿ ಮುಳುಗಲು ಅರ್ಧ ಗಂಟೆ ಬೇಕು. ಮುಳುಗುವಾಗ ಹಗ್ಗ ಎಳೆದು ಮೇಲಿನಿಂದ ಒಂದು ಗುಂಡು ಬೀಳುವಂತೆ ಮಾಡುತ್ತದೆ. ಗುಂಡು ಸರ್ಪದ ಬಾಯಿಗೆ ಬಿದ್ದಾಗ ಅದರ ಭಾರಕ್ಕೆ ಸರ್ಪ ಬಾಗುತ್ತದೆ, ಬಟ್ಟಲು ಮತ್ತೆ ಮೇಲೇಳುತ್ತದೆ. ಬ್ಯಾಟರಿಯಿಲ್ಲ, ನೀರು ಮತ್ತು ಭಾರ ಅಷ್ಟೇ. ನಮ್ಮ ನಾಡಿನಲ್ಲೂ ಇಂತಹ ಬಟ್ಟಲಿನಿಂದ 24 ನಿಮಿಷಗಳ ‘ಗಳಿಗೆ’ಯನ್ನು ಅಳೆಯುತ್ತಿದ್ದರು.

ಪುಸ್ತಕವೆಂದರೆ ಮುಖ ತಿರುಗಿಸುತ್ತಿದ್ದ ಮಗ, “ನಾವೂ ಮಾಡುವಾ” ಎಂದ. ಪ್ಲಾಸ್ಟಿಕ್ ಲೋಟದ ತಳಕ್ಕೆ ಬಿಸಿ ಸೂಜಿಯಿಂದ ನಾನೇ ತೂತು ಮಾಡಿ ಕೊಟ್ಟೆ. ಬಕೆಟ್ ನೀರಿನಲ್ಲಿ ಬಿಟ್ಟೆವು. ಲೋಟ ತುಂಬಿತು, ಆದರೆ ಮುಳುಗಲಿಲ್ಲ! ಅವನ ಮುಖ ಬಾಡಿತು.

ಆಗ ಮಗಳು ಅಡುಗೆಮನೆಯಿಂದ ಬಂದಳು. ಅವಳನ್ನು ಪಾತ್ರೆ ತೊಳೆಯಲು ಕಳುಹಿಸಿದವಳು ನಾನೇ. ಒದ್ದೆ ಕೈಯಲ್ಲೇ ಬಗ್ಗಿ ನೋಡಿ ಹೇಳಿದಳು: “ಉಮ್ಮಾ, ತೊಳೆಯುವಾಗಲೂ ಸ್ಟೀಲ್ ಲೋಟ ಮುಳುಗ್ತದೆ, ಪ್ಲಾಸ್ಟಿಕ್‌ದು ನೀರು ತುಂಬಿದ್ರೂ ತೇಲ್ತದೆ. ಒಳಗೆ ಕಲ್ಲು ಹಾಕಿ.”

ನಾಲ್ಕು ಬೆಣಚುಕಲ್ಲು ಹಾಕಿದೆವು. ನಾಲ್ಕೇ ನಿಮಿಷದಲ್ಲಿ ಲೋಟ ಮುಳುಗಿತು. ಮತ್ತೊಂದು ಲೋಟಕ್ಕೆ ಇನ್ನೂ ಸಣ್ಣ ತೂತು ಮಾಡಿದಾಗ ಹನ್ನೊಂದು ನಿಮಿಷ ಹಿಡಿಯಿತು. ಅರ್ಧ ಗಂಟೆಗೆ ತಲುಪಿಸುವ ಪ್ರಯತ್ನ ಇನ್ನೂ ನಡೆದಿದೆ. ಅದಕ್ಕಾಗಿ ಮಗ ತಾನಾಗಿಯೇ ಪುಸ್ತಕ ತೆರೆಯುತ್ತಾನೆ, ಅಲ್‌ಹಮ್ದುಲಿಲ್ಲಾಹ್. ಪಾತ್ರೆಗಳನ್ನು ಈಗ ಇಬ್ಬರೂ ತೊಳೆಯುತ್ತಾರೆ.

ಇಬ್ನ್ ಬತೂತರು ನಮ್ಮ ಹೊನ್ನಾವರಕ್ಕೂ ಬಂದಿದ್ದರು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾರೆ. ನಾನಾದರೋ ನನ್ನ ಮನೆಯಲ್ಲೇ ಮಗಳನ್ನು ಹೊರಗಿಟ್ಟು ಪಾಠ ಶುರು ಮಾಡಿದ್ದೆ.

ಸಹೋದರಿಯರೇ, ಓದಬೇಕೆಂಬ ಆದೇಶದಿಂದಲೇ ಆರಂಭವಾದ ಧರ್ಮ ನಮ್ಮದು. ಪೂರ್ವಿಕರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು, ಅವರಂತೆ ಮಕ್ಕಳ ಕೈಯೂ ಒದ್ದೆಯಾಗಬೇಕು. ದುಬೈಗೆ ಹೋಗಲೇಬೇಕೆಂದಿಲ್ಲ. ಮುಂದಿನ ರಜೆಯಲ್ಲಿ ಒಂದು ಬಕೆಟ್, ಒಂದು ಲೋಟ, ನಾಲ್ಕು ಕಲ್ಲು ಇಟ್ಟುಕೊಂಡು ಮಗ ಮತ್ತು ಮಗಳನ್ನು ಜೊತೆಗೆ ಕೂರಿಸಿ. ಲೋಟ ಮುಳುಗದಿದ್ದರೆ ಬೇಸರ ಬೇಡ. ಕಲಿಕೆ ಅಲ್ಲಿಂದಲೇ ಶುರುವಾಗುತ್ತದೆ, ಇನ್‌ಶಾ ಅಲ್ಲಾಹ್.