ಎರಡು ಅಂಕದ ಪ್ರಬಂಧ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಶಾಲೆಯ ಆರಂಭದ ದಿನಗಳ ಕಷ್ಟಸುಖಗಳನ್ನೋ, ಗಡಿನಾಡಿನಲ್ಲಿ ಕನ್ನಡ ಉಳಿದುಬಂದ ಬಗೆಯನ್ನೋ ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದರು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಈ ಶಾಲೆಯಲ್ಲಿ 33 ವರ್ಷ ಕನ್ನಡ ಪಾಠ ಹೇಳಿ 2018ರಲ್ಲಿ ನಿವೃತ್ತನಾದ ನಾನು ಬರೆಯಹೊರಟಿರುವುದು ಮೊಬೈಲ್ ಫೋನಿನ ಒಂದು ಆಟದ ವಿಷಯವನ್ನು. ವಾಚಕರು ನಗಬಾರದು. ಆ ಆಟದ ಕಾರಣದಿಂದ ನಾನು ಮಾಡಿದ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೆ ಇದಕ್ಕಿಂತ ತಕ್ಕ ಸ್ಥಳ ನನಗೆ ದೊರೆಯಲಾರದು.

2012–13ರ ಸುಮಾರಿನಲ್ಲಿ ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ವಿದ್ಯಾರ್ಥಿಗಳ ತಂದೆಯರ, ಅಣ್ಣಂದಿರ ಕೈಗೆ ಬೆರಳಿನಿಂದ ತೀಡುವ ಫೋನುಗಳು ಬರತೊಡಗಿದ್ದವು. ಅವುಗಳೊಡನೆ ಬಂದದ್ದು 'ಟೆಂಪಲ್ ರನ್' ಎಂಬ ಆಟ. ಅಮೆರಿಕದ ಕೀತ್ ಶೆಪರ್ಡ್, ನಟಾಲಿಯಾ ಲಕ್ಯಾನೋವಾ ಎಂಬ ದಂಪತಿಗಳ ಸಣ್ಣ ಸಂಸ್ಥೆಯಾದ ಇಮ್ಯಾಂಜಿ ಸ್ಟುಡಿಯೋಸ್ 2011ರ ಆಗಸ್ಟ್‌ನಲ್ಲಿ ಇದನ್ನು ಹೊರತಂದಿತು. ಮೊದಲು ಐಫೋನಿನಲ್ಲಿ ಮಾತ್ರ ಇದ್ದುದು 2012ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ ಫೋನುಗಳಿಗೂ ಬಂದ ಮೇಲೆ ನಮ್ಮಂಥ ಊರುಗಳನ್ನು ತಲುಪಿತು. 2013ರ ಜನವರಿಯಲ್ಲಿ ಅದರ ಎರಡನೆಯ ಭಾಗ ಬಂದಾಗ ಎರಡೇ ವಾರಗಳಲ್ಲಿ 5 ಕೋಟಿ ಬಾರಿ ಇಳಿಸಿಕೊಳ್ಳಲ್ಪಟ್ಟಿತೆಂದರೆ ಅದರ ಹುಚ್ಚು ಎಷ್ಟಿತ್ತೆಂಬುದನ್ನು ಊಹಿಸಬಹುದು.

ಆಟದ ಕಥೆ ಬಹಳ ಸರಳವಾದುದು. ಪಾಳುಗುಡಿಯೊಂದರಿಂದ ಒಬ್ಬನು ವಿಗ್ರಹವನ್ನು ಕದ್ದು ಓಡುತ್ತಾನೆ. ರಾಕ್ಷಸ ಕೋತಿಗಳು ಅವನನ್ನು ಅಟ್ಟಿಸಿಕೊಂಡು ಬರುತ್ತವೆ. ಬೆರಳನ್ನು ಮೇಲಕ್ಕೆ ತೀಡಿದರೆ ಅವನು ಹಾರುತ್ತಾನೆ, ಕೆಳಕ್ಕೆ ತೀಡಿದರೆ ಬಗ್ಗಿ ಜಾರುತ್ತಾನೆ, ಪಕ್ಕಕ್ಕೆ ತೀಡಿದರೆ ತಿರುಗುತ್ತಾನೆ. ದಾರಿಗೆ ಕೊನೆಯೆಂಬುದಿಲ್ಲ. ಹೋದಷ್ಟೂ ವೇಗ ಹೆಚ್ಚುತ್ತದೆ. ಎಷ್ಟೇ ಜಾಣನಾದರೂ ಒಂದಲ್ಲ ಒಂದು ಕಡೆ ಬೀಳಲೇಬೇಕು. ಬಿದ್ದಾಗ ಎಷ್ಟು ದೂರ ಬಂದೆನೆಂಬ ಲೆಕ್ಕ ಮಾತ್ರ ಉಳಿಯುತ್ತದೆ.

ನಮ್ಮ ಮನೆಯಲ್ಲಿ ಇದನ್ನು ಮೊದಲು ಆಡಿದವನು ನನ್ನ ತಂಗಿಯ ಮಗ. ಆಗ ಎಂಬತ್ತು ದಾಟಿದ್ದ ನನ್ನ ತಾಯಿಯವರು ಅವನ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಕೊನೆಗೆ, "ಅಲ್ಲ ಕಣೋ, ಕದ್ದದ್ದನ್ನ ಅಲ್ಲೇ ಇಟ್ಟು ಬಂದುಬಿಟ್ಟರೆ ಆ ಕೋತಿಗಳು ಯಾಕೆ ಬೆನ್ನು ಹತ್ತುತ್ತವೆ? ವಾಪಸ್ಸು ಇಡೋಕೆ ದಾರಿ ಇಲ್ವಾ ಇದರಲ್ಲಿ?" ಎಂದು ಕೇಳಿದರು. ಇಲ್ಲವೆಂದು ತಿಳಿದಾಗ, "ಹಾಗಾದರೆ ಪಾಪ, ಬೀಳೋವರೆಗೂ ಓಡ್ತಾನೇ ಇರಬೇಕು" ಎಂದು ಮರುಗಿದರು. ಈ ಆಟದ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಇದಕ್ಕಿಂತ ಚೆಲುವಾದುದು ಇನ್ನೊಂದಿಲ್ಲ.

ಮಕ್ಕಳ ಅಭಿಪ್ರಾಯ ಬೇರೆಯಾಗಿತ್ತು. ಕಳ್ಳತನದ ಪಾಪಪುಣ್ಯ ಅವರಿಗೆ ಬೇಕಿರಲಿಲ್ಲ. ಯಾರು ಎಷ್ಟು ದೂರ ಓಡಿದರೆಂಬುದೇ ಮುಖ್ಯ. ಬೆಳಗಿನ ಪ್ರಾರ್ಥನೆಗೆ ಮುನ್ನವೇ ಹಿಂದಿನ ರಾತ್ರಿಯ ಅಂಕಗಳನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ಲಕ್ಷಗಳಲ್ಲಿ ಹೇಳಿದವನನ್ನು ಯಾರೂ ನಂಬುತ್ತಿರಲಿಲ್ಲ. ಸಾಕ್ಷಿ ಬೇಕು ಎನ್ನುತ್ತಿದ್ದರು. ಸಾಕ್ಷಿಗಾಗಿ ಫೋನ್ ತಂದು ಸಿಕ್ಕಿಬಿದ್ದವರ ಫೋನುಗಳು ನನ್ನ ಮೇಜಿನ ಸೆಳೆಖಾನೆಯಲ್ಲಿ ಸಂಜೆಯವರೆಗೆ ಬಂದಿಯಾಗಿರುತ್ತಿದ್ದವು. ಆಟಕ್ಕೆ ಅವರೇ ಹೆಸರಿಟ್ಟುಕೊಂಡಿದ್ದರು. ಟೆಂಪಲ್ ರನ್ 'ಕೋತಿ ಓಟ'ವಾಯಿತು. ಡೆನ್ಮಾರ್ಕಿನ ಕಿಲೂ, ಸೈಬೋ ಎಂಬ ಎರಡು ಸಂಸ್ಥೆಗಳು 2012ರ ಮೇ ತಿಂಗಳಲ್ಲಿ ಹೊರತಂದ 'ಸಬ್‌ವೇ ಸರ್ಫರ್ಸ್' ಎಂಬ ಆಟ 'ರೈಲು ಓಟ'ವಾಯಿತು. ಅದರಲ್ಲಿ ರೈಲುಬಂಡಿಗಳ ಮೇಲೆ ಬಣ್ಣ ಬಳಿಯುವ ಹುಡುಗನೊಬ್ಬನು ಅಧಿಕಾರಿಗೂ ಅವನ ನಾಯಿಗೂ ಹೆದರಿ ಹಳಿಗಳ ಮೇಲೆ ಓಡುತ್ತಾನೆ. ಬೆಂಗಳೂರು–ಸೇಲಂ ರೈಲುಮಾರ್ಗ ನಮ್ಮ ಊರಿನ ಮೂಲಕವೇ ಹಾದುಹೋಗುವುದರಿಂದ, ನಿಜವಾದ ಹಳಿಯ ಹತ್ತಿರ ಯಾರೂ ಸುಳಿಯಬಾರದೆಂದು ನಾನು ಪ್ರಾರ್ಥನಾ ಸಭೆಯಲ್ಲಿ ಎರಡು ಬಾರಿ ಎಚ್ಚರಿಸಿದ್ದುಂಟು. ಆ ಆಟವು ನಗರದಿಂದ ನಗರಕ್ಕೆ ಪ್ರವಾಸ ಹೊರಟು ನ್ಯೂಯಾರ್ಕ್ ಮೊದಲಾದ ನಗರಗಳನ್ನು ಸುತ್ತಿ ಮುಂಬಯಿಗೂ ಬಂದಾಗ, "ನಮ್ಮ ಹೊಸೂರು ಯಾವಾಗ ಬರುತ್ತದೆ ಸಾರ್?" ಎಂದು ಹುಡುಗಿಯೊಬ್ಬಳು ನನ್ನನ್ನು ಕೇಳಿದಳು. ಚಂದ್ರಚೂಡೇಶ್ವರನ ಬೆಟ್ಟದ ಮೆಟ್ಟಿಲುಗಳ ಮೇಲೆ ಓಟ ಬಹಳ ಚೆನ್ನಾಗಿರುತ್ತದೆಂಬುದು ಅವಳ ವಾದ.

ಬಹುಪಾಲು ಮನೆಗಳಲ್ಲಿ ಇದ್ದುದು ಒಂದೇ ಫೋನು. ಅದೂ ತಂದೆ ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆ. ಆದುದರಿಂದ ಮಕ್ಕಳು ಆ ಆಟವನ್ನು ಮೈದಾನಕ್ಕೆ ಇಳಿಸಿಕೊಂಡರು. ಮುಂದೆ ಒಬ್ಬನು ಕಣ್ಣು ಅರೆಮುಚ್ಚಿ ಓಡುವುದು, ಹಿಂದೆ ಮೂರು ಜನ ಕೋತಿಗಳು, ಬದಿಯಲ್ಲಿ ನಿಂತವನು "ಹಾರು! ಬಗ್ಗು! ಎಡಕ್ಕೆ! ಬಲಕ್ಕೆ!" ಎಂದು ಕೂಗುವುದು, ಹೇಳಿದಂತೆ ಮಾಡದವನು ಔಟ್. ಮನೆಯಲ್ಲಿ ತೆಲುಗು ಆಡುವ ಮಕ್ಕಳೂ, ಪಕ್ಕದ ಬೀದಿಯ ತಮಿಳು ಮಕ್ಕಳೂ ಬಂದು ಸೇರುತ್ತಿದ್ದರು. ಕೂಗು ಮಾತ್ರ ಕನ್ನಡದಲ್ಲಿ. ವ್ಯಾಕರಣ ಪಾಠದಲ್ಲಿ ವಿಧ್ಯರ್ಥಕ ರೂಪಗಳನ್ನು ಎಷ್ಟು ಹೇಳಿದರೂ ತಲೆಗೆ ಹತ್ತದ ಹುಡುಗರು ಅಲ್ಲಿ ಅವನ್ನು ತಪ್ಪಿಲ್ಲದೆ ಬಳಸುತ್ತಿದ್ದರು. ಇದನ್ನು ನಾನು ಸಿಬ್ಬಂದಿ ಕೊಠಡಿಯ ಕಿಟಕಿಯಿಂದ ದಿನವೂ ನೋಡುತ್ತಿದ್ದೆ. ನೋಡಿಯೂ ತಿಳಿಯಲಿಲ್ಲ.

2013ರ ಡಿಸೆಂಬರ್‌ನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಗೆ 'ನನ್ನ ಮೆಚ್ಚಿನ ಆಟ' ಎಂಬ ಪ್ರಬಂಧ ಕೊಟ್ಟಿದ್ದೆ, ಹತ್ತು ಅಂಕ. ಎಲ್ಲರೂ ಎಂದಿನಂತೆ ಕ್ರಿಕೆಟ್ ಮತ್ತು ಕಬಡ್ಡಿಯ ಬಗ್ಗೆ ಬರೆದಿದ್ದರು. 'ಆಟವು ದೇಹಕ್ಕೂ ಮನಸ್ಸಿಗೂ ಆರೋಗ್ಯಕರ' ಎಂಬ ವಾಕ್ಯ ಎಲ್ಲ ಉತ್ತರಪತ್ರಿಕೆಗಳಲ್ಲೂ ಇತ್ತು. ಅದನ್ನು ಬರೆಸಿದವನು ನಾನೇ. ಒಬ್ಬ ಹುಡುಗನು ಮಾತ್ರ ಕೋತಿ ಓಟದ ಬಗ್ಗೆ ಎರಡೂವರೆ ಪುಟ ಬರೆದಿದ್ದನು. ಅಪ್ಪ ರಾತ್ರಿ ಪಾಳಿಗೆ ಹೋಗುವ ಮುನ್ನ ಫೋನನ್ನು ಕೊಡುವುದು, ತಾನೂ ತಂಗಿಯೂ ಬಿದ್ದವರು ಕೊಡಬೇಕೆಂಬ ಒಪ್ಪಂದದ ಮೇಲೆ ಸರದಿಯಲ್ಲಿ ಆಡುವುದು, ತಂಗಿ ಬೇಗ ಬಿದ್ದು ಅಳುವಾಗ ತಾನು ಬೇಕೆಂದೇ ಬೀಳುವುದು, ಇವೆಲ್ಲ ಅದರಲ್ಲಿದ್ದವು. ಈ ಆಟದಲ್ಲಿ ಯಾರೂ ಗೆಲ್ಲುವುದಿಲ್ಲವೆಂದು ತನಗೆ ಗೊತ್ತು, ಆದರೂ ನಿನ್ನೆಗಿಂತ ಇಂದು ಸ್ವಲ್ಪ ಮುಂದೆ ಹೋದೆನೆಂದು ಸಂತೋಷವಾಗುತ್ತದೆ, ಎಂದು ಅವನು ಮುಗಿಸಿದ್ದನು. ಕಾಗುಣಿತದ ತಪ್ಪುಗಳು ಅನೇಕವಿದ್ದವು. ಮಾತು ಮಾತ್ರ ಅವನದೇ ಆಗಿತ್ತು.

ನಾನು ಆ ಪುಟಗಳಿಗೆ ಅಡ್ಡಲಾಗಿ ಕೆಂಪು ಗೆರೆ ಎಳೆದು 'ಇದು ಆಟವಲ್ಲ, ದುಶ್ಚಟ' ಎಂದು ಬರೆದು ಎರಡು ಅಂಕ ಕೊಟ್ಟೆ. ಅಷ್ಟು ಸಾಲದೆ ತರಗತಿಯಲ್ಲಿ ಮೊದಲ ನಾಲ್ಕು ಸಾಲುಗಳನ್ನು ಓದಿ ಎಲ್ಲರನ್ನೂ ನಗಿಸಿದೆ.

ಹತ್ತು ವರ್ಷಗಳು ಕಳೆದವು. 2023ರ ದೀಪಾವಳಿಗೆ ಮುನ್ನ ಹೊಸೂರಿನ ಬಸ್ ನಿಲ್ದಾಣದಲ್ಲಿ ಕಂಪನಿಯ ಸಮವಸ್ತ್ರ ತೊಟ್ಟ ಯುವಕನೊಬ್ಬನು, "ನಮಸ್ಕಾರ ಸಾರ್, ಗುರುತು ಸಿಕ್ಕಿತಾ?" ಎಂದು ನನ್ನ ಚೀಲವನ್ನು ತೆಗೆದುಕೊಂಡನು. ಗುರುತು ಸಿಗಲಿಲ್ಲ. "ಕೋತಿ ಓಟ, ಎರಡು ಅಂಕ" ಎಂದು ನಕ್ಕನು. ಅವನ ನಗುವಿನಲ್ಲಿ ಕಹಿಯಿರಲಿಲ್ಲ. ಈಗಲೂ ಕಂಪನಿಯ ಬಸ್ಸಿನಲ್ಲಿ ಹೋಗುವಾಗ ಆಡುತ್ತಾನಂತೆ.

"ಆ ವರ್ಷದ ವಾರ್ಷಿಕ ಪರೀಕ್ಷೆಯಲ್ಲೂ ಅದೇ ಪ್ರಬಂಧ ಕೊಟ್ಟಿದ್ದಿರಿ ಸಾರ್. ಕಬಡ್ಡಿ ಬಗ್ಗೆ ಬರೆದೆ. ಎಂಟು ಕೊಟ್ಟಿರಿ."

"ಒಳ್ಳೆಯದಾಯಿತಲ್ಲಪ್ಪ," ಎಂದೆ.

"ಕಬಡ್ಡಿ ನಾನು ಆಡೇ ಇಲ್ಲ ಸಾರ್."

ಈಗ ಕನ್ನಡದಲ್ಲಿ ಏನಾದರೂ ಬರೆಯುತ್ತೀಯಾ ಎಂದು ಕೇಳಿದೆ. ಕೆಲಸದಲ್ಲಿ ತಮಿಳು, ಕಾಗದಪತ್ರಕ್ಕೆ ಇಂಗ್ಲಿಷು; ಬರೆಯುವ ಸಂದರ್ಭವೇ ಬರಲಿಲ್ಲ ಎಂದನು. ಹತ್ತನೆಯ ತರಗತಿಯಲ್ಲಿ ಬರೆದದ್ದೆಲ್ಲ ಬಾಯಿಪಾಠದ್ದು. ಹಾಗಾದರೆ ಅವನು ಈ ಭಾಷೆಯಲ್ಲಿ ಸ್ವಂತವಾಗಿ ಬರೆದ ಕೊನೆಯ ಬರಹ ನಾನು ಕೆಂಪು ಗೆರೆ ಎಳೆದ ಆ ಎರಡೂವರೆ ಪುಟಗಳೇ. ಬಸ್ಸು ಬಂದಿತು, ನನ್ನನ್ನು ಹತ್ತಿಸಿ ಅವನು ಹೊರಟುಹೋದನು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಆಚೆಗೆ ಉಳಿದುದರಿಂದ ಕನ್ನಡಕ್ಕೆ ಕಷ್ಟವಾಯಿತೆಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. 2006ರ ತಮಿಳು ಕಲಿಕೆಯ ಕಾಯಿದೆಯಿಂದ ನಮ್ಮ ಮಕ್ಕಳ ಹೊರೆ ಹೆಚ್ಚಿತೆಂದೂ ಹೇಳುತ್ತೇವೆ. ಅವು ಸುಳ್ಳಲ್ಲ. ಆದರೆ ಆ ಡಿಸೆಂಬರಿನಲ್ಲಿ ಕನ್ನಡಕ್ಕೆ ಅಡ್ಡ ಬಂದದ್ದು ಯಾವ ಸರಕಾರವೂ ಅಲ್ಲ, ನನ್ನ ಲೇಖನಿ. ಮಗುವಿಗೆ ಯಾವುದು ಪ್ರಿಯವೋ ಅದನ್ನು ಹೇಳಲು ಅವಕಾಶವಿಲ್ಲದ ಭಾಷೆ ಅದಕ್ಕೆ ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿಯುತ್ತದೆ.

ಮೊಬೈಲ್ ಆಟಗಳನ್ನು ನಾನು ಹೊಗಳುತ್ತಿಲ್ಲ. ಟೆಂಪಲ್ ರನ್ನಿನ ಎರಡನೆಯ ಭಾಗದಲ್ಲಿ ಬಿದ್ದವನನ್ನು ಎಬ್ಬಿಸಲು ರತ್ನಗಳನ್ನು ತೆರಬೇಕು. ಅದೇ ಓಟದಲ್ಲಿ ಮತ್ತೆ ಬಿದ್ದರೆ ಅದರ ಎರಡರಷ್ಟು. ರತ್ನ ಮುಗಿದರೆ ಹಣ ಕೊಟ್ಟು ಕೊಳ್ಳಬಹುದು. 'ಇನ್ನೊಂದೇ ಸಲ' ಎಂಬ ಆಸೆಯೇ ಅಲ್ಲಿನ ವ್ಯಾಪಾರ. 2020ರ ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಕೈಗಿತ್ತ ಫೋನನ್ನು ಮಕ್ಕಳ ಕೈಯಿಂದ ಮರಳಿ ಪಡೆಯಲು ತಾಯಂದಿರು ಪಟ್ಟ ಪಾಡನ್ನು ಬಲ್ಲೆ. ಮಿತಿ ಬೇಕು, ಅದನ್ನು ಹೇಳುವುದು ಹಿರಿಯರ ಕರ್ತವ್ಯ. ಆದರೆ ಮಿತಿ ಹೇಳುವುದು ಬೇರೆ, ಮಗುವಿನ ಮಾತನ್ನು ಹೊಡೆದುಹಾಕುವುದು ಬೇರೆ.

ಐವತ್ತು ವರ್ಷಗಳನ್ನು ಪೂರೈಸಿದ ನಮ್ಮ ಶಾಲೆಯ ಇಂದಿನ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. 'ನನ್ನ ಮೆಚ್ಚಿನ ಆಟ' ಎಂಬ ಪ್ರಬಂಧವನ್ನು ಈ ವರ್ಷವೂ ಕೊಡಿರಿ. ಮಕ್ಕಳು ಏನು ಬರೆದರೂ ಮೊದಲು ಪೂರ್ತಿ ಓದಿರಿ. ಕೆಂಪು ಶಾಯಿಯನ್ನು ಕಾಗುಣಿತಕ್ಕೆ ಮಾತ್ರ ಇಟ್ಟುಕೊಳ್ಳಿರಿ. ಆ ಹಳೆಯ ವಿದ್ಯಾರ್ಥಿಯ ಕೈಗೆ ಈ ಸಂಚಿಕೆ ಸೇರಿದರೆ ಅವನಲ್ಲಿಯೂ ಒಂದು ಕೋರಿಕೆ: ಅಪ್ಪಾ, ಆ ಉತ್ತರಪತ್ರಿಕೆ ನನ್ನ ಬಳಿ ಉಳಿದಿಲ್ಲ. ಸಾಧ್ಯವಾದರೆ ಅದನ್ನು ಇನ್ನೊಮ್ಮೆ ಬರೆದು ಕಳುಹಿಸು. ಅಂಕ ಹಾಕುವುದಿಲ್ಲ, ಓದುತ್ತೇನೆ.