ಚರ್ಮದ ಕೋಟಿನವನ ಸ್ವಗತ

ಬಾಗಿಲ ಆಚೆ ಇಬ್ಬರು ಹರಟುತ್ತಿದ್ದಾರೆ. ಒಳಗೆಲ್ಲೋ ಟಿ.ವಿ.ಯಲ್ಲಿ ಧಾರಾವಾಹಿ ಓಡುತ್ತಿದೆ. ‘ಮ್ಯಾಕ್ಸ್ ಪೇಯ್ನ್’ ಆಟವನ್ನು ಚೆನ್ನಾಗಿ ಬಲ್ಲವನು ಇಲ್ಲಿ ಒಡನೆ ನುಗ್ಗುವುದಿಲ್ಲ. ರೌಡಿಗಳ ಮಾತು ಮುಗಿಯಲಿ ಎಂದು ಕಾಯುತ್ತಾನೆ, ಆಮೇಲೆ ಬಾಗಿಲು ತಳ್ಳಿ ಮೌಸಿನ ಬಲಗುಂಡಿ ಒತ್ತುತ್ತಾನೆ. ಲೋಕವೇ ನಿಧಾನವಾಗುತ್ತದೆ. ಮ್ಯಾಕ್ಸ್ ಪಕ್ಕಕ್ಕೆ ಹಾರುತ್ತಾನೆ, ಚರ್ಮದ ಕೋಟಿನ ಅಂಚು ಬಿಚ್ಚಿಕೊಳ್ಳುತ್ತದೆ. ಎರಡು ಕೈಯ ಎರಡು ಬೆರೆಟ್ಟಾಗಳಿಂದ ಖಾಲಿ ತೋಟಾಗಳು ಉದುರುತ್ತವೆ, ಗುಂಡು ಗಾಳಿಯಲ್ಲಿ ಹೋಗುವುದು ಕಣ್ಣಿಗೆ ಕಾಣುತ್ತದೆ. ಮೈ ನೆಲ ಮುಟ್ಟುವಷ್ಟರಲ್ಲಿ ಇಬ್ಬರ ಲೆಕ್ಕವೂ ಚುಕ್ತಾ ಆಗಿರಬೇಕು. ಆಗದಿದ್ದರೆ, ಬಿದ್ದವನು ಎದ್ದು ನಿಲ್ಲುವ ಆ ಗಳಿಗೆಯಲ್ಲೇ ಅವನ ಕತೆ ಮುಗಿಯಿತು.

ಈ ಆಟ ಬಂದದ್ದು 2001ರ ಜುಲೈಯಲ್ಲಿ. ನಮ್ಮ ಶೆಟ್ಟಿಹಳ್ಳಿಯ ಮನೆಗೆ ಬಂದದ್ದು ಸ್ವಲ್ಪ ತಡವಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರಿನ ಜೊತೆ. ತುಮಕೂರಿನ ಏಪ್ರಿಲ್ ಬಿಸಿಲಲ್ಲಿ ಬನಿಯನ್ ಹಾಕಿಕೊಂಡು ಕೂತು ನ್ಯೂಯಾರ್ಕಿನ ಹಿಮಬಿರುಗಾಳಿಯಲ್ಲಿ ಅಲೆಯುವ ಸುಖವೇ ಬೇರೆ. ಕರೆಂಟು ಹೋದರೆ ಯುಪಿಎಸ್ ಕೀ ಕೀ ಎನ್ನುತ್ತಿತ್ತು. ಎಫ್5 ಒತ್ತಿ ಆಟ ಉಳಿಸಿ, ಕಂಪ್ಯೂಟರ್ ಆರಿಸುವಷ್ಟು ಮಾತ್ರ ವ್ಯವಧಾನ. ಮೊದಲ ಅಧ್ಯಾಯ ನಡೆಯುವುದು ರಾಸ್ಕೋ ಸ್ಟ್ರೀಟ್ ಎಂಬ ನೆಲದಡಿಯ ರೈಲು ನಿಲ್ದಾಣದಲ್ಲಿ. ಅರಸೀಕೆರೆ ಕಡೆಯ ರೈಲು ಹೋಗುವ ಸದ್ದಿನಲ್ಲೇ ಬೆಳೆದ ನಮಗೆ ಆ ಜಾಗ ಅಷ್ಟೇನೂ ಹೊಸದೆನಿಸಲಿಲ್ಲ.

ಕತೆಯಲ್ಲಿ ಹೊಸದೇನಿಲ್ಲ. ಪೊಲೀಸಿನವನ ಹೆಂಡತಿ, ಮಗುವನ್ನು ಮಾದಕದ್ರವ್ಯದ ನಶೆ ಏರಿದವರು ಕೊಲ್ಲುತ್ತಾರೆ. ಅವನು ವೇಷ ಮರೆಸಿ ಮಾಫಿಯಾದೊಳಗೆ ಸೇರುತ್ತಾನೆ, ಆಮೇಲೆ ಇನ್ನೊಂದು ಕೊಲೆಯ ಆರೋಪ ಅವನ ತಲೆಗೇ ಬರುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿದವರಿಗೆ ಇದರ ಅರ್ಧ ತಿರುವುಗಳು ಮೊದಲೇ ಹೊಳೆಯುತ್ತವೆ. ಆದರೆ ಪುರುಷೋತ್ತಮ ಇಷ್ಟು ಮಾತಾಡುವವನಲ್ಲ. ಮ್ಯಾಕ್ಸ್ ಮೆಟ್ಟಿಲು ಹತ್ತಿದರೂ ಒಂದು ಮಾತು, ಇಳಿದರೂ ಒಂದು ಮಾತು. ಚಳಿಯ ಮೇಲೆ ಒಂದು ಉಪಮೆ, ಸಾವಿನ ಮೇಲೆ ಮೂರು. ಅತಿಯಾಯಿತು ಎನ್ನುವವರಿದ್ದಾರೆ, ಅವರ ಮಾತು ಸುಳ್ಳಲ್ಲ. ಆದರೆ ನಾಟಕ ಕಂಪನಿಗೆ ಹೆಸರಾದ ಗುಬ್ಬಿ ನಮಗೆ ಇಲ್ಲೇ ಪಕ್ಕದೂರು. ಯುದ್ಧದ ನಡುವೆ ನಿಂತು ಪ್ರೇಕ್ಷಕರ ಕಡೆ ತಿರುಗಿ ಎದೆಯೊಳಗಿನದನ್ನು ಹೇಳಿಕೊಳ್ಳುವುದು ಕಂಪನಿ ನಾಟಕ ಕಂಡ ಸೀಮೆಯವರಿಗೆ ವಿಚಿತ್ರವೇ ಅಲ್ಲ. ನಾನು ಈ ಆಟಕ್ಕೆ ಮತ್ತೆ ಮತ್ತೆ ಮರಳುವುದು ಗುಂಡಿಗಿಂತ ಹೆಚ್ಚಾಗಿ ಆ ಸ್ವಗತಕ್ಕೆ.

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಡೆಸಿದ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಈ ಆಟ ಮಾಡಿದ ಫಿನ್ಲೆಂಡಿನ ರೆಮಿಡಿ ಎಂಬ ಪುಟ್ಟ ತಂಡದ ಹತ್ತಿರ ಅಂಥ ವೈಭವಕ್ಕೆ ದುಡ್ಡಿರಲಿಲ್ಲ. ಮ್ಯಾಕ್ಸ್‌ನ ಮುಖ ಕತೆ ಬರೆದ ಸ್ಯಾಮ್ ಲೇಕ್‌ದೇ. ಉಳಿದ ಪಾತ್ರಗಳಿಗೆ ಸಹೋದ್ಯೋಗಿಗಳು, ಗೆಳೆಯರು, ಮನೆಯವರು. ಕತೆಯ ಖಳನಾಯಕಿಯಾಗಿ ನಿಂತವರು ಲೇಕ್‌ರ ತಾಯಿ! ಅವರನ್ನೆಲ್ಲ ನಿಲ್ಲಿಸಿ ಫೋಟೋ ಹಿಡಿದು, ಅದಕ್ಕೆ ಜಲವರ್ಣದ ಛಾಯೆ ಕೊಟ್ಟು, ಚಿತ್ರಕತೆಯ ಪುಟಗಳಂತೆ ಜೋಡಿಸಿದರು. ದುಬಾರಿ ಸಿನಿಮಾ ದೃಶ್ಯಗಳ ಬದಲಿಗೆ ಮಾಡಿದ ಈ ಉಪಾಯವೇ ಆಟವನ್ನು ಉಳಿಸಿತು. ಆ ಕಾಲದ ಎಷ್ಟೋ ಆಟಗಳ ಚಲಿಸುವ ಮುಖಗಳು ಈಗ ಮರದ ಗೊಂಬೆಗಳಂತೆ ಕಾಣುತ್ತವೆ. ಈ ನಿಂತ ಚಿತ್ರಗಳು ಮುಪ್ಪಾಗಿಲ್ಲ.

ಆಡುವಾಗ ಮ್ಯಾಕ್ಸ್‌ನ ಮುಖ ಮಾತ್ರ ಒಂದೇ ಭಂಗಿಯಲ್ಲಿ ಕಿವುಚಿಕೊಂಡೇ ಇರುತ್ತದೆ.

“ಚಿಕ್ಕಪ್ಪ, ಇವನ್ಯಾಕೆ ಹಿಂಗೆ ಮುಖ ಮಾಡ್ಕೊಂಡವ್ನೆ?” ಎಂದ ಅಣ್ಣನ ಮಗ.

“ಹಲ್ಲುನೋವು ಕಣೋ. ನೋಡು, ಕೈಗೆ ಸಿಕ್ಕಿದ್ದೆಲ್ಲ ನೋವಿನ ಮಾತ್ರೆ.”

ನಿಜವೂ ಹೌದು. ಗಾಯಕ್ಕೆ ಇಲ್ಲಿ ಮಾತ್ರೆಯೊಂದೇ ಮದ್ದು. ಪರದೆಯ ಎಡಮೂಲೆಯ ಪುಟ್ಟ ಮನುಷ್ಯಾಕೃತಿ ಕಾಲಿಂದ ಮೇಲಕ್ಕೆ ಕೆಂಪಾಗುತ್ತ ಬಂದಾಗ ನುಂಗಬೇಕು. ಹುಡುಗ ನಾಲ್ಕು ಸಲ ಸತ್ತ, ಐದನೆಯದಕ್ಕೆ ಗೆದ್ದು ಬೀಗಿದ. ಸೋಲುವವನಿಗೆ ಆಟವೇ ಗುಟ್ಟಾಗಿ ಸುಲಭವಾಗುತ್ತ ಹೋಗುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಗೆದ್ದದ್ದು ಗೆದ್ದದ್ದೇ.

ಈಗಿನ ಕಂಪ್ಯೂಟರಿನಲ್ಲಿ ಇದನ್ನು ಆಡಲು ಒಂದು ತಾಪತ್ರಯವಿದೆ. ಹಾಗೇ ಹಾಕಿದರೆ ಎಷ್ಟೋ ಕಡೆ ಮಾತು, ಸಂಗೀತ ಎರಡೂ ಕೇಳಿಸುವುದಿಲ್ಲ. ಹಳೆಯ ಧ್ವನಿ ಕಡತಗಳ ಬಗೆ ಹೊಸ ಯಂತ್ರಗಳಿಗೆ ಹಿಡಿಸುವುದಿಲ್ಲವಂತೆ. ಅಭಿಮಾನಿಗಳು ಮಾಡಿಟ್ಟ ತೇಪೆ ಹಾಕಿಕೊಳ್ಳಬೇಕು. ಮೂಕನಾದ ಮ್ಯಾಕ್ಸ್‌ನನ್ನು ಹತ್ತು ನಿಮಿಷ ಆಡಿ ನೋಡಿದೆ. ಹಾರಾಟ ಇದೆ, ಗುಂಡಿದೆ, ಆಟವೇ ಇಲ್ಲ. ರಕ್ತದ ಗೆರೆಯ ಮೇಲೆ ಕತ್ತಲಲ್ಲಿ ನಡೆಯುವ ದುಃಸ್ವಪ್ನದ ಅಧ್ಯಾಯವೊಂದು ಮಾತ್ರ ಮೂಕವಾಗಿದ್ದರೆ ಚೆನ್ನಿತ್ತು. ಮಗುವಿನ ಅಳು ಕೇಳುತ್ತ ದಾರಿ ತಪ್ಪುವುದು ಆಗಲೂ ಹಿಂಸೆ, ಈಗಲೂ ಹಿಂಸೆ.

ಮೊದಲ ಎರಡು ಆಟಗಳನ್ನು ಹೊಸದಾಗಿ ಕಟ್ಟುತ್ತೇವೆ ಎಂದು 2022ರಲ್ಲಿ ರೆಮಿಡಿ ಸಾರಿತು. ಮ್ಯಾಕ್ಸ್‌ಗೆ ದನಿ ಕೊಟ್ಟ ಜೇಮ್ಸ್ ಮ್ಯಾಕ್‌ಕ್ಯಾಫ್ರಿ 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಹಿಮ ಇನ್ನೂ ಚೆನ್ನಾಗಿ ಬೀಳಲಿ, ಕೋಟು ಇನ್ನೂ ಚೆನ್ನಾಗಿ ಹಾರಾಡಲಿ, ನನ್ನ ತಕರಾರಿಲ್ಲ. ಹಳೆಯ ದನಿಯನ್ನು ಹಾಗೇ ಇಟ್ಟುಕೊಳ್ಳಲಿ. ಆ ಕಿವುಚಿದ ಮುಖವನ್ನೂ ದಯವಿಟ್ಟು ಯಾರೂ ರಿಪೇರಿ ಮಾಡದಿರಲಿ.